ಹೃದಯದ ಮಾತ್ರೆಗೆ ಜೀನ್ ಪರೀಕ್ಷೆ: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಮಾತ್ರೆ ಡಬ್ಬಿ ತೆರೆದು ನೋಡಿದರೆ ಹೆಚ್ಚುಕಡಿಮೆ ಒಂದೇ ಪಟ್ಟಿ ಕಾಣುತ್ತದೆ. ಆಸ್ಪಿರಿನ್. ಅದರ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ರಾತ್ರಿಗೆ ಅಟೋರ್ವಾಸ್ಟಾಟಿನ್ ಇಲ್ಲವೇ ರೋಸುವಾಸ್ಟಾಟಿನ್. ಬೆಳಿಗ್ಗೆ ಮೆಟೊಪ್ರೊಲಾಲ್, ಬಿಪಿಗೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್. ಇವೆಲ್ಲಕ್ಕೂ ಮೊದಲು, ಖಾಲಿ ಹೊಟ್ಟೆಯಲ್ಲಿ, ಒಂದು ಗ್ಯಾಸ್ ಮಾತ್ರೆ. ಬೀದಿಯಲ್ಲಿ ಇಬ್ಬರಿಗೆ ಸ್ಟೆಂಟ್ ಆಗಿದ್ದರೆ ಇಬ್ಬರ ಚೀಟಿಯೂ ಬಹುತೇಕ ಹೀಗೇ ಇರುತ್ತದೆ. ಆದರೆ ಒಬ್ಬರಿಗೆ ಅದು ಒಗ್ಗಿ ಹೋಗುತ್ತದೆ, ಇನ್ನೊಬ್ಬರಿಗೆ ತೊಡೆ ನೋವು, ತಲೆಸುತ್ತು. ಮತ್ತೊಬ್ಬರು ಒಂದು ದಿನವೂ ತಪ್ಪಿಸದೆ ನುಂಗಿಯೂ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆಗೆ ವಾಪಸಾಗುತ್ತಾರೆ.

ಈ ವ್ಯತ್ಯಾಸಕ್ಕೆ ವಯಸ್ಸು, ತೂಕ, ಕಿಡ್ನಿಯ ಸ್ಥಿತಿ, ಜೊತೆಗೆ ತಿನ್ನುವ ಬೇರೆ ಮಾತ್ರೆ ಎಲ್ಲವೂ ಕಾರಣ. ಹುಟ್ಟಿನಿಂದ ಬಂದ ಜೀನ್‌ಗಳದ್ದೂ ಒಂದು ಪಾಲಿದೆ. ಅದನ್ನೇ ಹಿಡಿದುಕೊಂಡು ಈಗ ಹಲವು ಲ್ಯಾಬ್‌ಗಳು ‘ನಿಮ್ಮ ಜೀನ್‌ಗೆ ತಕ್ಕ ಔಷಧ’ ಎಂದು ಪ್ಯಾಕೇಜ್ ಮಾರುತ್ತಿವೆ. ಮಾಡಿಸಬೇಕೇ ಎಂದು ಕೇಳುವವರಿಗೆ ನಾನು ಹೇಳುವ ಸೂತ್ರ ಸರಳ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೇರವಾಗಿ ಅಳೆದು ನೋಡಲು ಸಾಧ್ಯವಿದ್ದರೆ ಜೀನ್ ಪರೀಕ್ಷೆಯ ಅಗತ್ಯ ಕಡಿಮೆ. ಬಿಪಿ ಮಾತ್ರೆಗೆ ಬಿಪಿ ಯಂತ್ರವಿದೆ, ಕೊಲೆಸ್ಟ್ರಾಲ್ ಮಾತ್ರೆಗೆ ಲಿಪಿಡ್ ಪ್ರೊಫೈಲ್ ಇದೆ. ಕ್ಲೋಪಿಡೋಗ್ರೆಲ್‌ಗೆ ಅಂಥ ದಿನಬಳಕೆಯ ಅಳತೆಯೇ ಇಲ್ಲ. ಅದು ಕೆಲಸ ಮಾಡಿಲ್ಲ ಎನ್ನುವುದು ಎರಡನೇ ಹೃದಯಾಘಾತ ಆದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಡಬ್ಬಿಯಲ್ಲಿರುವ ಈ ಒಂದು ಮಾತ್ರೆಯ ಬಗ್ಗೆ ಜೀನ್ ಪ್ರಶ್ನೆಯನ್ನು ಕೇಳಿಯೇ ತೀರಬೇಕು. ಉಳಿದವುಗಳ ವಿಷಯದಲ್ಲಿ ಅಷ್ಟು ಆತುರವಿಲ್ಲ.

ಒಂದೇ ಡೋಸ್, ಬೇರೆ ಬೇರೆ ದೇಹ

ಬಹುತೇಕ ಔಷಧಗಳನ್ನು ಒಡೆದು ಬದಲಾಯಿಸಿ ಹೊರಹಾಕುವ ಕೆಲಸ ಲಿವರ್‌ನಲ್ಲಿರುವ ಕಿಣ್ವಗಳದು. ಅವುಗಳಲ್ಲಿ ‘ಸಿವೈಪಿ’ ಎಂಬ ದೊಡ್ಡ ಕುಟುಂಬವಿದೆ. ಒಂದೊಂದು ಕಿಣ್ವಕ್ಕೂ ಒಂದೊಂದು ಜೀನ್, ಆ ಜೀನಿನ ಒಂದು ಪ್ರತಿ ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಪ್ರತಿಯಲ್ಲಿ ದೋಷವಿದ್ದರೆ ಕಿಣ್ವ ಸೋಮಾರಿಯಾಗುತ್ತದೆ ಅಥವಾ ತಯಾರೇ ಆಗುವುದಿಲ್ಲ. ಮಾತ್ರೆ ನುಂಗುವವರೆಗೆ ಇದು ಯಾರ ಗಮನಕ್ಕೂ ಬರುವುದಿಲ್ಲ. ಅದೊಂದು ಕಾಯಿಲೆಯೂ ಅಲ್ಲ.

ಇದು ಬೆಳಕಿಗೆ ಬಂದ ಬಗೆ ಸ್ವಾರಸ್ಯವಾಗಿದೆ. 1975ರ ಮೇ ತಿಂಗಳಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಲ್ಲಿ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿಗಳ ಜೊತೆ ಡೆಬ್ರಿಸೋಕ್ವಿನ್ ಎಂಬ ಬಿಪಿ ಮಾತ್ರೆಯನ್ನು ಪ್ರಯೋಗಕ್ಕೆಂದು ನುಂಗಿದರು. ಉಳಿದವರಿಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸ್ಮಿತ್ ಅವರಿಗೆ ಎರಡು ಗಂಟೆಯೊಳಗೆ ತಲೆ ತಿರುಗಿ ಎದ್ದು ನಿಲ್ಲಲೂ ಆಗಲಿಲ್ಲ, ಬಿಪಿ 70/50ಕ್ಕೆ ಕುಸಿಯಿತು. ಅವರ ದೇಹ ಆ ಮಾತ್ರೆಯನ್ನು ಕರಗಿಸುತ್ತಲೇ ಇರಲಿಲ್ಲ. ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಇಂದು ಸಿವೈಪಿ2ಡಿ6 ಎಂದು ಕರೆಯುವ ಕಿಣ್ವ. ಈ ಕೆಲಸ 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಡೆಬ್ರಿಸೋಕ್ವಿನ್ ಈಗ ಬಳಕೆಯಲ್ಲಿಲ್ಲ. ಆದರೆ ಅದೇ ಕಿಣ್ವವೇ ಇವತ್ತಿನ ಮೆಟೊಪ್ರೊಲಾಲನ್ನೂ ಒಡೆಯುವುದು.

ಕ್ಲೋಪಿಡೋಗ್ರೆಲ್: ನಮ್ಮವರಿಗೆ ಯಾಕೆ ಮುಖ್ಯ

ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಲರಿ. ಒಳಪೊರೆ ಅದನ್ನು ಮುಚ್ಚಿಕೊಳ್ಳುವವರೆಗೆ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಿ ಹೆಪ್ಪುಗಟ್ಟುವ ಅಪಾಯ ಇದ್ದೇ ಇರುತ್ತದೆ. ಮೊದಲ ತಿಂಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಅದನ್ನು ತಡೆಯಲು ಆಸ್ಪಿರಿನ್ ಜೊತೆ ದಿನಕ್ಕೆ 75 ಮಿ.ಗ್ರಾಂ ಕ್ಲೋಪಿಡೋಗ್ರೆಲ್ ಕೊಡುತ್ತಾರೆ.

ನುಂಗುವ ಕ್ಲೋಪಿಡೋಗ್ರೆಲ್‌ಗೆ ಸ್ವಂತ ಶಕ್ತಿಯಿಲ್ಲ. ಅದು ಗಿರಣಿಗೆ ಹೋಗದ ಭತ್ತದ ಹಾಗೆ, ಹಾಗೇ ಉಣ್ಣಲು ಬರುವುದಿಲ್ಲ. ದೇಹಕ್ಕೆ ಸೇರಿದ ಮಾತ್ರೆಯ ಸುಮಾರು 85% ಭಾಗ ಬೇರೆ ದಾರಿಯಲ್ಲಿ ನಿರುಪಯುಕ್ತವಾಗಿ ಹೋಗುತ್ತದೆ. ಉಳಿದ 15%ಅನ್ನು ಲಿವರ್ ಎರಡು ಹಂತದಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ. ಆ ಎರಡೂ ಹಂತಗಳಲ್ಲಿ ದುಡಿಯುವ ಕಿಣ್ವ ಸಿವೈಪಿ2ಸಿ19. ಅದು ಕೈಕೊಟ್ಟರೆ ಮಾತ್ರೆ ನುಂಗಿಯೂ ನುಂಗದಂತೆಯೇ.

ಈ ಜೀನಿನ ಸಾಮಾನ್ಯ ರೂಪವನ್ನು *1 ಎಂದು ಬರೆಯುತ್ತಾರೆ, ‘ಸ್ಟಾರ್ ಒನ್’ ಎಂದು ಓದುತ್ತಾರೆ. *2 ಮತ್ತು *3 ಕೆಲಸ ಮಾಡದ ರೂಪಗಳು, *17 ಚುರುಕಾದ ರೂಪ. ಭಾರತೀಯರಲ್ಲಿ ಕಾಣುವ ದೋಷ ಬಹುತೇಕ *2. ಯುರೋಪಿಯನ್ ಮೂಲದವರಲ್ಲಿ ಎರಡೂ ಪ್ರತಿ ಕೆಟ್ಟವರು ನೂರಕ್ಕೆ ಸುಮಾರು ಇಬ್ಬರು. ನಮ್ಮಲ್ಲಿ ಜೀನಿನ ಪ್ರತಿಗಳನ್ನೆಲ್ಲ ಒಟ್ಟುಗೂಡಿಸಿ ಎಣಿಸಿದರೆ ಸುಮಾರು ಮೂರರಲ್ಲಿ ಒಂದು *2. ಹಾಗೆಂದರೆ ನೂರು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕನಿಷ್ಠ ಒಂದು ಕೆಟ್ಟ ಪ್ರತಿ, ಹತ್ತು ಹನ್ನೆರಡು ಮಂದಿಯಲ್ಲಿ ಎರಡೂ ಕೆಟ್ಟವು. ಬ್ರಿಟನ್ನಿನಲ್ಲಿ ನೆಲೆಸಿರುವ ಬಾಂಗ್ಲಾದೇಶಿ ಮತ್ತು ಪಾಕಿಸ್ತಾನಿ ಮೂಲದ 44 ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 57% ಮಂದಿಯಲ್ಲಿ ಈ ದೋಷ ಸಿಕ್ಕಿತು. ಕ್ಲೋಪಿಡೋಗ್ರೆಲ್ ಮೇಲಿದ್ದವರ ಪೈಕಿ ಎರಡೂ ಪ್ರತಿ ಕೆಟ್ಟವರಿಗೆ ಮತ್ತೆ ಹೃದಯಾಘಾತವಾಗುವ ಸಾಧ್ಯತೆ ಮೂರು ಪಟ್ಟಿನ ಆಸುಪಾಸು ಇತ್ತು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರ ಮಾರ್ಚ್‌ನಲ್ಲೇ ಈ ಮಾತ್ರೆಯ ಮಾಹಿತಿ ಪತ್ರದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಪೂರ್ವ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲದವರೇ ಹೆಚ್ಚಿರುವ ಹವಾಯಿ ರಾಜ್ಯ, ತನ್ನ ಜನರಿಗೆ ಈ ವಿಷಯ ಮೊದಲೇ ತಿಳಿಸಲಿಲ್ಲವೆಂದು ತಯಾರಕ ಕಂಪನಿಗಳ ಮೇಲೆ 2014ರಲ್ಲಿ ಮೊಕದ್ದಮೆ ಹೂಡಿತು. 2021ರಲ್ಲಿ 83.4 ಕೋಟಿ ಡಾಲರ್ ದಂಡ ಬಿತ್ತು, 2023ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ಬದಿಗಿಟ್ಟಿತು, 2024ರಲ್ಲಿ ಮತ್ತೆ 91.6 ಕೋಟಿ ಡಾಲರ್. ನಮ್ಮಲ್ಲಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಎಷ್ಟು ಜನ ಈ ಎಚ್ಚರಿಕೆಯ ಸುದ್ದಿಯನ್ನಾದರೂ ಕೇಳಿದ್ದಾರೆ ಎನ್ನುವುದು ಬೇರೆ ಮಾತು.

ಹಾಗಾದರೆ ಎಲ್ಲರಿಗೂ ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಕೊಟ್ಟುಬಿಡಬಾರದೇ? ಇವೆರಡಕ್ಕೂ ಸಿವೈಪಿ2ಸಿ19ರ ಹಂಗಿಲ್ಲ. ಹೃದಯಾಘಾತವಾಗಿ ಬಂದವರಿಗೆ ಅನೇಕ ವೈದ್ಯರು ಇವನ್ನೇ ಮೊದಲು ಕೊಡುತ್ತಾರೆ ಕೂಡ. ಆದರೆ ಇವು ಜೋರು ಮಾತ್ರೆಗಳು, ರಕ್ತಸ್ರಾವದ ಅಪಾಯ ಹೆಚ್ಚು. ಪ್ರಾಸುಗ್ರೆಲನ್ನು ಹಿಂದೆ ಸ್ಟ್ರೋಕ್ ಆದವರಿಗೆ ಕೊಡುವಂತಿಲ್ಲ. 75 ದಾಟಿದವರಿಗೆ ಮತ್ತು ತೂಕ 60 ಕೆ.ಜಿ.ಗಿಂತ ಕಡಿಮೆ ಇರುವವರಿಗೆ ಯೋಚಿಸಿ ಕೊಡಬೇಕು, ನಮ್ಮ ಅಜ್ಜಿಯರಲ್ಲಿ 60 ಕೆ.ಜಿ. ತೂಗುವವರು ಎಷ್ಟು ಮಂದಿ? ಟಿಕಾಗ್ರೆಲಾರ್ ದಿನಕ್ಕೆ ಎರಡು ಹೊತ್ತು, ಕೆಲವರಿಗೆ ಅದರಿಂದ ಉಸಿರು ಕಟ್ಟಿದಂತಾಗುತ್ತದೆ. ಕ್ಲೋಪಿಡೋಗ್ರೆಲ್ ಅಗ್ಗ, ದಿನಕ್ಕೆ ಒಂದು ಹೊತ್ತು, ಬಹುಪಾಲು ಜನರಿಗೆ ಸಾಕು. ಯಾರಿಗೆ ಸಾಲದು ಎಂದು ಮೊದಲೇ ಹೇಳುವುದಷ್ಟೇ ಜೀನ್ ಪರೀಕ್ಷೆಯ ಕೆಲಸ.

ಪರೀಕ್ಷೆಯಿಂದ ನಿಜವಾಗಿ ಲಾಭವಿದೆಯೇ ಎಂಬುದಕ್ಕೆ ಉತ್ತರ ಇನ್ನೂ ಪೂರ್ತಿ ಒಂದೇ ದಿಕ್ಕಿನಲ್ಲಿಲ್ಲ. ಮುಖ್ಯವಾಗಿ ನೆದರ್‌ಲ್ಯಾಂಡ್ಸ್‌ನಲ್ಲಿ 2,488 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೀನ್ ನೋಡಿ ಮಾತ್ರೆ ಆರಿಸಿದಾಗ ಹೆಪ್ಪುಗಟ್ಟುವುದು ಹೆಚ್ಚಲಿಲ್ಲ, ರಕ್ತಸ್ರಾವ ಕಡಿಮೆಯಾಯಿತು. 2020ರ ಟೇಲರ್-ಪಿಸಿಐ ಪ್ರಯೋಗದಲ್ಲಿ ಕೆಟ್ಟ ಪ್ರತಿ ಇದ್ದವರ ಪೈಕಿ ಪರೀಕ್ಷೆಯ ಗುಂಪಿನಲ್ಲಿ 4% ಮಂದಿಗೆ, ಉಳಿದವರಲ್ಲಿ 5.9% ಮಂದಿಗೆ ವರ್ಷದೊಳಗೆ ತೊಂದರೆಯಾಯಿತು. ವ್ಯತ್ಯಾಸ ಕಣ್ಣಿಗೆ ಕಂಡರೂ ಅಂಕಿಅಂಶದ ಕಟ್ಟುನಿಟ್ಟಿನ ಗೆರೆಯನ್ನು ಕೂದಲೆಳೆಯ ಅಂತರದಲ್ಲಿ ಮುಟ್ಟದೆ ಉಳಿಯಿತು. ಆದ್ದರಿಂದಲೇ ಎಲ್ಲ ಆಸ್ಪತ್ರೆಗಳೂ ಇದನ್ನು ಕಡ್ಡಾಯ ಮಾಡಿಲ್ಲ. ನಿಮ್ಮ ವೈದ್ಯರು ಬೇಡವೆಂದರೆ ಅವರಿಗೆ ಗೊತ್ತಿಲ್ಲ ಎಂದು ತೀರ್ಮಾನಿಸಬೇಡಿ. ಈ ಅಂಕಿಗಳು ಬಂದದ್ದು ನಮ್ಮವರು ಕಡಿಮೆ ಇದ್ದ ಗುಂಪುಗಳಿಂದ ಎಂಬುದೂ ನೆನಪಿರಲಿ. ಕೆಟ್ಟ ಪ್ರತಿ ಇಷ್ಟು ಜನರಲ್ಲಿರುವ ನಾಡಿನಲ್ಲಿ ಪರೀಕ್ಷೆಗೆ ಬೆಲೆ ಹೆಚ್ಚೆಂದೇ ನನ್ನ ಅನಿಸಿಕೆ. ಸ್ಟ್ರೋಕ್ ಆದವರ ವಿಷಯದಲ್ಲಂತೂ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ ಕ್ಲೋಪಿಡೋಗ್ರೆಲ್ ಕೊಡುವಾಗ ಈ ಪರೀಕ್ಷೆ ಮಾಡಿ ಎಂದು ಶಿಫಾರಸು ಮಾಡಿದೆ.

ಯಾರು ಕೇಳಬೇಕು? ಹೊಸದಾಗಿ ಸ್ಟೆಂಟ್ ಆಗಿ ಕ್ಲೋಪಿಡೋಗ್ರೆಲ್ ಮೇಲಿರುವವರು, ಮಾತ್ರೆ ತಪ್ಪಿಸದಿದ್ದರೂ ಸ್ಟೆಂಟ್ ಕಟ್ಟಿಕೊಂಡವರು, ಖರ್ಚಿನ ಕಾರಣಕ್ಕೋ ರಕ್ತಸ್ರಾವದ ಭಯಕ್ಕೋ ಟಿಕಾಗ್ರೆಲಾರ್‌ನಿಂದ ಕ್ಲೋಪಿಡೋಗ್ರೆಲ್‌ಗೆ ಬದಲಾಗುತ್ತಿರುವವರು. ಸ್ಟೆಂಟ್ ಆಗಿ ಐದಾರು ವರ್ಷ ಕಳೆದು ಆಸ್ಪಿರಿನ್ ಒಂದರಲ್ಲೇ ನೆಮ್ಮದಿಯಾಗಿರುವವರಿಗೆ ಇದು ಬೇಡ.

ರಿಪೋರ್ಟ್ ಕೈಗೆ ಬಂದಾಗ

ಒಂದು ಟ್ಯೂಬ್ ರಕ್ತ ಅಥವಾ ಕೆನ್ನೆಯ ಒಳಭಾಗದಿಂದ ಹತ್ತಿಯಲ್ಲಿ ಒರೆಸಿದ ಮಾದರಿ ಸಾಕು. ಉಪವಾಸ ಬೇಕಿಲ್ಲ, ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಮುಗಿಯಿತು. ದರ ಲ್ಯಾಬಿನಿಂದ ಲ್ಯಾಬಿಗೆ ಬೇರೆ, ಸಾವಿರಗಳ ಲೆಕ್ಕದಲ್ಲಿರುತ್ತದೆ. ನೂರಾರು ಔಷಧಗಳ ಪಟ್ಟಿಯ ದುಬಾರಿ ಪ್ಯಾಕೇಜ್ ಬದಲು ‘ಸಿವೈಪಿ2ಸಿ19 ಜೀನೋಟೈಪಿಂಗ್ ಒಂದೇ ಸಾಕು’ ಎಂದು ಹೇಳಿ. *2, *3, *17 ಮೂರನ್ನೂ ನೋಡುತ್ತೀರಾ ಎಂದು ಕೇಳಿ. ಎಷ್ಟು ದಿನಕ್ಕೆ ರಿಪೋರ್ಟ್ ಎಂದೂ ಕೇಳಿಕೊಳ್ಳಿ, ಮೊದಲ ತಿಂಗಳು ಕಳೆದ ಮೇಲೆ ಬಂದ ರಿಪೋರ್ಟಿನ ಪ್ರಯೋಜನ ಕಡಿಮೆ.

ಕಾಗದದಲ್ಲಿ ನೋಡಬೇಕಾದ್ದು ಒಂದೇ ಸಾಲು. *1/*1 ಎಂದಿದ್ದರೆ ಸಾಮಾನ್ಯ. *1/*2 ಎಂದರೆ ಮಧ್ಯಮ. *2/*2, *2/*3 ಅಥವಾ *3/*3 ಎಂದರೆ ಎರಡೂ ಪ್ರತಿ ಕೆಟ್ಟಿವೆ, ಅಂಥವರಿಗೆ ಕ್ಲೋಪಿಡೋಗ್ರೆಲ್ ನೆಚ್ಚಿಕೊಳ್ಳುವಂಥದ್ದಲ್ಲ. *1/*17 ಮತ್ತು *17/*17 ಚುರುಕಿನವರು. *2/*17 ಬಂದರೆ ಚುರುಕು ಪ್ರತಿ ಕೆಟ್ಟದ್ದನ್ನು ಸರಿದೂಗಿಸುತ್ತದೆ ಎಂದು ಭಾವಿಸಬೇಡಿ, ಅದನ್ನೂ ಮಧ್ಯಮ ಎಂದೇ ಲೆಕ್ಕ ಹಾಕುತ್ತಾರೆ. ಲಿವರ್ ಕಸಿ ಆದವರಿಗೆ ಈ ರಿಪೋರ್ಟ್ ದಾರಿ ತಪ್ಪಿಸಬಹುದು. ರಕ್ತದ ಜೀನ್ ಅವರದ್ದು, ಲಿವರಿನ ಜೀನ್ ದಾನಿಯದ್ದು!

*2/*2 ಎಂದು ಬಂತೆಂದು ಮನೆಯಲ್ಲಿ ಡೋಸ್ ಎರಡು ಪಟ್ಟು ಮಾಡಿಕೊಳ್ಳುವುದು ಪ್ರಯೋಜನವಿಲ್ಲದ, ಅಪಾಯದ ಕೆಲಸ. 2011ರ ಒಂದು ಪ್ರಯೋಗದಲ್ಲಿ ಒಂದು ಕೆಟ್ಟ ಪ್ರತಿ ಇದ್ದವರಿಗೆ ದಿನಕ್ಕೆ 225 ಮಿ.ಗ್ರಾಂ ಕೊಟ್ಟಾಗ ಪರಿಣಾಮ ಸಾಮಾನ್ಯ ಮಟ್ಟಕ್ಕೆ ಬಂತು, ಎರಡೂ ಕೆಟ್ಟವರಿಗೆ 300 ಮಿ.ಗ್ರಾಂ ಕೊಟ್ಟರೂ ಬರಲಿಲ್ಲ. ಹೆದರಿ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ಕೆಟ್ಟದ್ದು. ಹೊಸ ಸ್ಟೆಂಟ್ ಇರುವಾಗ ಈ ಮಾತ್ರೆ ಏಕಾಏಕಿ ನಿಂತರೆ ಏನಾಗುತ್ತದೆ ಎಂದು ಯಾವ ಹೃದ್ರೋಗ ವೈದ್ಯರನ್ನಾದರೂ ಕೇಳಿ. ಬದಲಿ ಮಾತ್ರೆ ಕೈಗೆ ಬರುವವರೆಗೆ ಹಳೆಯದನ್ನೇ ನುಂಗುತ್ತಿರಿ.

ಜೀನಿಗಿಂತ ಮೊದಲು ಗ್ಯಾಸ್ ಮಾತ್ರೆ

ದುಡ್ಡು ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ತಪಾಸಣೆ ಒಂದಿದೆ. ಗ್ಯಾಸ್ ಮಾತ್ರೆಯ ಪಟ್ಟಿಯನ್ನು ತಿರುಗಿಸಿ, ಕಂಪನಿ ಇಟ್ಟ ಹೆಸರಿನ ಕೆಳಗಿರುವ ಸಣ್ಣ ಅಕ್ಷರ ಓದಿ. ಒಮೆಪ್ರಝೋಲ್ ಅಥವಾ ಎಸೊಮೆಪ್ರಝೋಲ್ ಎಂದಿದ್ದರೆ ವೈದ್ಯರಿಗೆ ತಿಳಿಸಿ. ಇವೆರಡೂ ಸಿವೈಪಿ2ಸಿ19ರ ಕೈ ಕಟ್ಟುತ್ತವೆ. ಜೀನ್ ಸರಿಯಿರುವವರಲ್ಲೂ ಕ್ಲೋಪಿಡೋಗ್ರೆಲ್‌ನ ಬಲ ತಗ್ಗುತ್ತದೆ, ಹಾಗಾಗಿ ಜೊತೆಯಲ್ಲಿ ಕೊಡಬೇಡಿ ಎಂದು ಎಫ್‌ಡಿಎ ಹೇಳಿದೆ. ಪ್ಯಾಂಟೊಪ್ರಝೋಲ್‌ಗೆ ಈ ಗುಣ ತೀರಾ ಕಡಿಮೆ. ಆಸ್ಪತ್ರೆಯಲ್ಲಿ ಸರಿಯಾಗಿ ಬರೆದುಕೊಟ್ಟಿರುತ್ತಾರೆ. ಮೂರು ತಿಂಗಳ ಮೇಲೆ ಎದೆಯುರಿ ಎಂದು ಊರಿನ ಮೆಡಿಕಲ್ ಶಾಪಿಗೆ ಹೋಗಿ ‘ಗ್ಯಾಸ್‌ಗೆ ಏನಾದ್ರೂ ಕೊಡಿ’ ಎಂದಾಗ ಎಡವಟ್ಟಾಗುತ್ತದೆ.

ವಾಲ್ವ್ ಬದಲಾಯಿಸಿದವರ ಮಾತ್ರೆ

ಬಾಲ್ಯದಲ್ಲಿ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಟ್ಟು, ಲೋಹದ ವಾಲ್ವ್ ಹಾಕಿಸಿಕೊಂಡವರು ನಮ್ಮಲ್ಲಿ ಬಹಳ. ಅವರ ಮಾತ್ರೆ ವಾರ್ಫರಿನ್, ಇಲ್ಲವೇ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿನೋಕೌಮರಾಲ್ (ಅಸಿಟ್ರೋಮ್ ಎಂದರೆ ಬೇಗ ಗೊತ್ತಾದೀತು). ಜೀನುಗಳ ಪ್ರಭಾವ ಈ ಮಾತ್ರೆಗಳ ಮೇಲೆ ಕಾಣುವಷ್ಟು ನಿಚ್ಚಳವಾಗಿ ಹೃದಯದ ಬೇರೆ ಮಾತ್ರೆಗಳಲ್ಲಿ ಕಾಣುವುದು ಕಡಿಮೆ. ಸಿವೈಪಿ2ಸಿ9 ಎಂಬ ಕಿಣ್ವ ಮಾತ್ರೆಯನ್ನು ಕರಗಿಸುತ್ತದೆ, ವಿಕೆಒಆರ್‌ಸಿ1 ಎಂಬುದು ಮಾತ್ರೆಯ ಗುರಿ. ಚೀನೀಯರಲ್ಲಿ ಹೆಚ್ಚಿನವರಿಗೆ ಎರಡನೆಯದರ ಸೂಕ್ಷ್ಮ ರೂಪವಿದೆ, ಅವರಿಗೆ ಕಡಿಮೆ ಡೋಸ್ ಸಾಕು. ಭಾರತೀಯರಲ್ಲಿ ಅದು ಅಷ್ಟಿಲ್ಲ, ಆದ್ದರಿಂದ ಸಿಂಗಪುರದಂಥ ಕಡೆ ಒಂದೇ ಆಸ್ಪತ್ರೆಯ ಭಾರತೀಯ ರೋಗಿಗೆ ಚೀನೀ ರೋಗಿಗಿಂತ ಹೆಚ್ಚು ವಾರ್ಫರಿನ್ ಬೇಕಾಗುತ್ತದೆ. ‘ಏಷ್ಯಾದವರು’ ಎಂದು ಎಲ್ಲರನ್ನೂ ಒಂದೇ ಕಂತೆಗೆ ಕಟ್ಟುವ ಅಭ್ಯಾಸ ಎಷ್ಟು ತಪ್ಪು ನೋಡಿ.

ಇಷ್ಟಿದ್ದೂ ಇಲ್ಲಿ ಜೀನ್ ಪರೀಕ್ಷೆಗೆ ನಾನು ಒತ್ತಾಯಿಸುವುದಿಲ್ಲ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ನೋಡುವ ಐಎನ್‌ಆರ್ ಪರೀಕ್ಷೆ ಇದೆಯಲ್ಲ! ಕೆಲವು ದಿನಗಳಿಗೊಮ್ಮೆ ರಕ್ತ ನೋಡಿ ಡೋಸ್ ಹೊಂದಿಸಿದರೆ ಜೀನ್, ಊಟ, ಬೇರೆ ಮಾತ್ರೆ ಎಲ್ಲದರ ಒಟ್ಟು ಫಲ ಅದೊಂದು ಅಂಕಿಯಲ್ಲಿ ಸಿಗುತ್ತದೆ. 2013ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಯುರೋಪಿನದು ಜೀನ್ ನೋಡಿ ಡೋಸ್ ಕೊಟ್ಟರೆ ಒಳ್ಳೆಯದು ಎಂದಿತು, ಅಮೆರಿಕದ್ದು ವ್ಯತ್ಯಾಸವಿಲ್ಲ ಎಂದಿತು. ಹಣವಿದ್ದರೆ ಅದನ್ನು ತಪ್ಪದೆ ಐಎನ್‌ಆರ್ ಮಾಡಿಸಲು ಇಡಿ. ಸೊಪ್ಪು ಬಿಡಬೇಕು ಎಂಬ ಮಾತನ್ನು ಪೂರ್ತಿ ನಂಬಬೇಡಿ. ಬಸ್ಸಾರು, ಮಸ್ಸೊಪ್ಪು ವಾರವಾರವೂ ಒಂದೇ ಪ್ರಮಾಣದಲ್ಲಿ ಇರಲಿ, ಒಂದು ವಾರ ದಿನಾ ಬಸಳೆ, ಮರುವಾರ ಹಸಿರೇ ಇಲ್ಲ ಎಂದಾಗದಿರಲಿ. ‘ಪರೀಕ್ಷೆಯ ರಗಳೆ ಇಲ್ಲದ ಹೊಸ ಮಾತ್ರೆ’ ಎಂದು ಯಾರೋ ಹೇಳಿದರೆಂದು ಬದಲಾಯಿಸಿಕೊಳ್ಳಲೂ ಬೇಡಿ. ಲೋಹದ ವಾಲ್ವ್‌ಗೆ ಅವು ಆಗುವುದಿಲ್ಲ. ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಹೃದಯದ ಲಯ ತಪ್ಪಿದವರಿಗೂ ಹಳೆಯ ಮಾತ್ರೆಯೇ ಮೇಲು ಎಂದು 2022ರ ಇನ್ವಿಕ್ಟಸ್ ಪ್ರಯೋಗ ತೋರಿಸಿತು.

ಸ್ಟಾಟಿನ್ ಮತ್ತು ಮೈಕೈ ನೋವು

ಸ್ಟಾಟಿನ್‌ಗಳನ್ನು ರಕ್ತದಿಂದ ಲಿವರ್ ಒಳಗೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನಿನ ಜೀನ್ ಎಸ್‌ಎಲ್‌ಸಿಒ1ಬಿ1. ಅದು ಮಂದವಾದರೆ ಔಷಧ ರಕ್ತದಲ್ಲೇ ಉಳಿದು ಸ್ನಾಯುಗಳಿಗೆ ತಾಗುತ್ತದೆ. 2008ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ದಿನಕ್ಕೆ 80 ಮಿ.ಗ್ರಾಂ ಸಿಮ್ವಾಸ್ಟಾಟಿನ್ ತಿನ್ನುವವರಲ್ಲಿ ಎರಡೂ ಪ್ರತಿ ಬದಲಾಗಿದ್ದರೆ ಸ್ನಾಯು ಹಾನಿಯ ಅಪಾಯ ಸುಮಾರು 17 ಪಟ್ಟು. ಆ ಡೋಸ್ ಈಗ ಹೊಸಬರಿಗೆ ಯಾರೂ ಕೊಡುವುದಿಲ್ಲ. ನಮ್ಮಲ್ಲಿ ಚಾಲ್ತಿಯಲ್ಲಿರುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳಲ್ಲಿ ಈ ಜೀನಿನ ಪ್ರಭಾವ ಅದಕ್ಕಿಂತ ತೀರಾ ಸೌಮ್ಯ. ರೋಸುವಾಸ್ಟಾಟಿನ್ ಏಷ್ಯಾ ಮೂಲದವರ ರಕ್ತದಲ್ಲಿ ಹೆಚ್ಚು ಮಟ್ಟಕ್ಕೆ ಏರುವುದರಿಂದ 5 ಮಿ.ಗ್ರಾಂನಿಂದ ಆರಂಭಿಸಿ ಎಂದು ಅಮೆರಿಕದ ಲೇಬಲ್ ಹೇಳುತ್ತದೆ. ಹೃದಯಾಘಾತವಾದವರಿಗೆ ವೈದ್ಯರು ಬೇಕೆಂದೇ ಹೆಚ್ಚು ಕೊಟ್ಟಿರಬಹುದು, ಕೇಳಿ ತಿಳಿದುಕೊಳ್ಳಿ.

ನೋವೆಲ್ಲವೂ ಮಾತ್ರೆಯದೇ ಎಂದೇನೂ ಇಲ್ಲ. ಸ್ಟಾಟಿನ್ ಒಗ್ಗದೆ ಬಿಟ್ಟ 60 ಜನರಿಗೆ ಕೆಲವು ತಿಂಗಳು ನಿಜವಾದ ಸ್ಟಾಟಿನ್, ಕೆಲವು ತಿಂಗಳು ನೋಡಲು ಹಾಗೇ ಇರುವ ಖಾಲಿ ಮಾತ್ರೆ ಕೊಟ್ಟು ನೋಡಿದ 2020ರ ಬ್ರಿಟಿಷ್ ಅಧ್ಯಯನದಲ್ಲಿ, ತೊಂದರೆಯ 90% ಖಾಲಿ ಮಾತ್ರೆಯಲ್ಲೂ ಕಾಣಿಸಿತು. ನೋವು ಸುಳ್ಳಲ್ಲ, ಕಾರಣ ಬೇರೆ ಅಷ್ಟೆ. ಸಿಪಿಕೆ ಎಂಬ ಅಗ್ಗದ ರಕ್ತ ಪರೀಕ್ಷೆ ಮೊದಲು ಮಾಡಿಸಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಿ. ದೇವನಹಳ್ಳಿಯ ಚಕ್ಕೋತ ಇಷ್ಟಪಡುವವರಿಗೆ ಒಂದು ಮಾತು: ಗ್ರೇಪ್‌ಫ್ರೂಟ್‌ನ ಹಾಗೆ ಅದೂ ಅಟೋರ್ವಾಸ್ಟಾಟಿನ್ ಮಟ್ಟವನ್ನು ಏರಿಸಬಹುದು. ಹಬ್ಬಕ್ಕೆ ನಾಲ್ಕು ತೊಳೆ ತಿಂದರೆ ಯಾರೂ ಗಾಬರಿಯಾಗಬೇಕಿಲ್ಲ, ದಿನಾ ಒಂದು ಹಣ್ಣು ಬೇಡ.

ಮೆಟೊಪ್ರೊಲಾಲ್ ವಿಷಯ ಬೇಗ ಮುಗಿಯುತ್ತದೆ. ಸಿವೈಪಿ2ಡಿ6 ಕೆಲಸ ಮಾಡದವರಲ್ಲಿ ಅದರ ಮಟ್ಟ ಹಲವು ಪಟ್ಟು ಏರುತ್ತದೆ, ನಾಡಿ ನಿಧಾನವಾಗುತ್ತದೆ, ಸುಸ್ತಾಗುತ್ತದೆ. ಇದನ್ನು ಹಿಡಿಯಲು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿದರೆ ಸಾಕು. 50ಕ್ಕಿಂತ ಕೆಳಗಿದ್ದರೆ ವೈದ್ಯರಿಗೆ ಹೇಳಿ, ಡೋಸ್ ತಗ್ಗಿಸುತ್ತಾರೆ ಅಥವಾ ಬೈಸೊಪ್ರೊಲಾಲ್‌ಗೆ ಬದಲಾಯಿಸುತ್ತಾರೆ. ಖಿನ್ನತೆಗೆ ಫ್ಲುಆಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ತಿನ್ನುತ್ತಿದ್ದರೂ ಇದೇ ಪರಿಣಾಮ ಕಾಣಬಹುದು. ಆಸ್ಪಿರಿನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ಗಳಿಗೆ ಜೀನ್ ಪರೀಕ್ಷೆಯ ಮಾತೇ ಬೇಡ. ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದರೆ ಬದಲಾಯಿಸುತ್ತಾರೆ, ಅಷ್ಟೇ.

ಪರೀಕ್ಷೆ ಮಾಡಲೇಬೇಕಾದ ಹೊಸ ಮಾತ್ರೆ ಒಂದಿದೆ, ಮಾವಕಾಂಟೆನ್. ಹೃದಯದ ಗೋಡೆ ದಪ್ಪವಾಗುವ ಕಾಯಿಲೆಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದದ್ದು. ಅದನ್ನು ಕರಗಿಸುವುದೂ ಸಿವೈಪಿ2ಸಿ19. ಸಾಮಾನ್ಯರಲ್ಲಿ ಅದರ ಅರ್ಧ ಭಾಗ ಕರಗಲು 6ರಿಂದ 9 ದಿನ, ಎರಡೂ ಪ್ರತಿ ಕೆಟ್ಟವರಲ್ಲಿ 23 ದಿನ. ಯುರೋಪಿನಲ್ಲಿ ಜೀನ್ ನೋಡಿಯೇ ಡೋಸ್ ನಿಗದಿ ಮಾಡುತ್ತಾರೆ.

ಡಾಕ್ಟರನ್ನು ಕೇಳುವುದು ಹೇಗೆ

ಹೊರರೋಗಿ ವಿಭಾಗದಲ್ಲಿ ಸಿಗುವುದು ಐದು ನಿಮಿಷ. ‘ಜೀನ್ ಟೆಸ್ಟ್ ಮಾಡಿಸಬೇಕಾ?’ ಎಂದು ಕೇಳಿದರೆ ‘ಬೇಡ’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಬದಲಿಗೆ ಹೀಗೆ ಕೇಳಿ: ‘ಡಾಕ್ಟ್ರೇ, ಅಪ್ಪನಿಗೆ ಸ್ಟೆಂಟ್ ಹಾಕಿ ಹತ್ತು ದಿನ ಆಯ್ತು, ಕ್ಲೋಪಿಡೋಗ್ರೆಲ್ ಕೊಟ್ಟಿದ್ದೀರಿ. ನಮ್ಮವರಲ್ಲಿ ತುಂಬ ಜನಕ್ಕೆ ಅದು ಸರಿಯಾಗಿ ಹಿಡಿಯಲ್ಲ ಅಂತ ಓದಿದೆ. ಅವರಿಗೆ ಸಿವೈಪಿ2ಸಿ19 ನೋಡಿಸೋದು ಒಳ್ಳೇದಾ, ಇಲ್ಲ ಬೇರೆ ಮಾತ್ರೆಗೇ ಬದಲಾಯಿಸ್ತೀರಾ?’ ಹೀಗೆ ಕೇಳಿದಾಗ ಕಾರಣ ಸಹಿತ ಉತ್ತರ ಸಿಗುತ್ತದೆ. ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಿತ್ತೇ, ಸ್ಟ್ರೋಕ್ ಆಗಿತ್ತೇ, ತೂಕ ಎಷ್ಟು ಎಂಬುದನ್ನು ಕೇಳುವ ಮೊದಲೇ ಹೇಳಿಬಿಡಿ. ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಕೊಡಬಹುದೇ ಎಂಬುದು ನಿಂತಿರುವುದು ಆ ಉತ್ತರಗಳ ಮೇಲೆ.

ಹೃದಯದ ಕಾಯಿಲೆ ಬರುತ್ತದೆಯೇ ಎಂದು ನೋಡುವ ಜೀನ್ ಪರೀಕ್ಷೆಯೇ ಬೇರೆ, ಮಾತ್ರೆ ಹಿಡಿಯುತ್ತದೆಯೇ ಎಂದು ನೋಡುವುದೇ ಬೇರೆ. ಲ್ಯಾಬಿನ ಏಜೆಂಟರು ಎರಡನ್ನೂ ಕಲಸಿ ಹೇಳುವುದುಂಟು. *2/*2 ಇರುವುದು ಹೃದಯದ ಯಾವ ರೋಗಕ್ಕೂ ಕಾರಣವಲ್ಲ.

ಮನೆಯವರ ಪ್ರಶ್ನೆಯೂ ಬರುತ್ತದೆ. ಒಬ್ಬರಿಗೆ *2/*2 ಬಂದರೆ ಅವರ ಮಕ್ಕಳೆಲ್ಲರಿಗೂ ಒಂದು ಕೆಟ್ಟ ಪ್ರತಿ ಖಂಡಿತ, ಒಡಹುಟ್ಟಿದವರಿಗೆ ಎರಡೂ ಕೆಟ್ಟಿರುವ ಸಾಧ್ಯತೆ ಕನಿಷ್ಠ ನಾಲ್ಕರಲ್ಲಿ ಒಂದು. ಸೋದರತ್ತೆ ಮಗ, ಸೋದರಮಾವನ ಮಗಳು ಎಂದು ಸಂಬಂಧದಲ್ಲೇ ಮದುವೆಯಾಗುವುದು ಇದಕ್ಕೆ ಕಾರಣವೇ ಎಂದು ಅನೇಕರು ಕೇಳುತ್ತಾರೆ. ಅಪರೂಪದ ಕಾಯಿಲೆಗಳಲ್ಲಿ ಅದರ ಪಾತ್ರ ದೊಡ್ಡದು. *2ನಷ್ಟು ಸಾಮಾನ್ಯ ದೋಷದಲ್ಲಿ ಲೆಕ್ಕ ಹಾಕಿದರೆ ಎರಡೂ ಪ್ರತಿ ಕೆಟ್ಟವರ ಸಂಖ್ಯೆ ನೂರಕ್ಕೆ ಸುಮಾರು 11 ಇದ್ದದ್ದು ಅಂಥ ಮದುವೆಯ ಮಕ್ಕಳಲ್ಲಿ 12-13 ಆಗುತ್ತದೆ. ಕಾಯಿಲೆಯಿಲ್ಲದ ಮಕ್ಕಳನ್ನು ಈಗಲೇ ಪರೀಕ್ಷೆಗೆ ಕರೆದೊಯ್ಯಬೇಕಿಲ್ಲ, ವಿಷಯ ಗೊತ್ತಿದ್ದರೆ ಸಾಕು. ನಮ್ಮ ಜನರ ಜೀನ್ ವೈವಿಧ್ಯದ ದೊಡ್ಡ ಚಿತ್ರವೂ ನಿಧಾನವಾಗಿ ಸಿಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10 ಸಾವಿರ ಭಾರತೀಯರ ಜೀನೋಮ್ ಓದಲಾಗಿದ್ದು, ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು.

ಪರೀಕ್ಷೆ ಮಾಡಿಸಿದ್ದೇ ಆದರೆ ರಿಪೋರ್ಟಿನ ಫೋಟೋ ತೆಗೆದು ರೋಗಿಯ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಇಡಿ, ಒಂದು ಜೆರಾಕ್ಸ್ ಡಿಸ್ಚಾರ್ಜ್ ಸಮರಿಗೆ ಪಿನ್ ಮಾಡಿ. ಖಿನ್ನತೆಗೆ ಕೊಡುವ ಎಸ್‌ಸಿಟಲೋಪ್ರಾಂ, ಶಿಲೀಂಧ್ರ ಸೋಂಕಿಗೆ ಕೊಡುವ ವೋರಿಕೊನಝೋಲ್ ಮಾತ್ರೆಗಳನ್ನು ಕರಗಿಸುವುದೂ ಇದೇ ಕಿಣ್ವ. ಹೃದಯಕ್ಕೆ ಸಂಬಂಧವೇ ಇಲ್ಲದ ವೈದ್ಯರ ಬಳಿ ಹೋದಾಗಲೂ ಆ ಕಾಗದ ತೋರಿಸಿ.